ತೊಲೆಯೊಳಗಿನ ಸಪ್ಪಳ

ಬೆಳ್ಳಟ್ಟಿಯ ವಸತಿ ಶಾಲೆಯ ಹೆಡ್ ಮಾಸ್ತರರು ಫೋನ್ ಮಾಡಿದಾಗ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಎನ್ನುವಷ್ಟು ದನಿ ತಗ್ಗಿಸಿ ಮಾತಾಡಿದರು.

"ಮೇಡಂ, ನಿಮ್ಮ ತೊಲಿ ಸಪ್ಪಳ ಮಾಡಾಕತ್ತಾವ್ರಿ."

"ಎಂಥಾ ಸಪ್ಪಳರಿ ಸರ್?"

"ಬಾಗಲಾ ಬಡದಂಗ. ಒಳಗಿಂದ."

ನನಗೆ ಸಿಟ್ಟು ಬೇಗ ಬರುತ್ತದೆ, ಹಸಿದಾಗಂತೂ ಕೇಳುವುದೇ ಬೇಡ. "ಮ್ಯಾಲ ತಗಡು ಹಾಕೀರಲ್ರಿ, ಬಿಸಲಿಗೆ ಹಿಗ್ಗತೈತಿ, ಸಪ್ಪಳ ಮಾಡತೈತಿ" ಅಂದೆ.

"ತಗಡಿನ ಸಪ್ಪಳ ನಮಗ ಗೊತ್ತೈತ್ರಿ. ತಗಡಿನ ಕೆಳಗ ಬೆಳದ ಮಂದಿ ನಾವು. ನೀವೊಮ್ಮೆ ಬಂದು ಕೇಳ್ರಿ. ಅಡಗಿಯಾಕಿ ಒಳಗ ಕಾಲಿಡಾಕ ಒಲ್ಲೆ ಅಂತಾಳ."

ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಕಾರ್ಖಾನೆ. ಅಲ್ಲಿ ಗುಣಮಟ್ಟದ ಹೊಣೆ ನನ್ನದು. ಸಿಂಗಟಾಲೂರಿನ ಏತ ನೀರಾವರಿಯ ನೀರು ಬಂದ ಮೇಲೆ ಆ ಕಡೆಯ ಕೆಲವು ರೈತರು ಹೆಬ್ಬೇವು ನೆಟ್ಟಿದ್ದರು. ಆ ಮರ ತಂದು ಲಕ್ಷ್ಮೇಶ್ವರದಲ್ಲಿ ಹಲಗೆ ಕೊಯ್ಯಿಸಿ, ನಮ್ಮ ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ, ತುದಿಗೆ ತುದಿ ಜೋಡಿಸಿ ಉದ್ದ ಮಾಡುತ್ತೇವೆ. ಆಮೇಲೆ ಒಂದರ ಮೇಲೊಂದು ಅಂಟಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ದೊಡ್ಡ ತೊಲೆ. ಸಣ್ಣ ಮರಗಳಿಂದ ಮಾಡಿದ ಈ ತೊಲೆ ಸರಿಯಾಗಿ ಅಂಟಿದರೆ ಇಡೀ ಮರದ ತೊಲೆಗಿಂತ ನಂಬಿಕಸ್ತ.

ಈ ಉದ್ಯಮ ನಮ್ಮ ದೇಶದಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಅಂಟು ಹೊರದೇಶದಿಂದ ಬರಬೇಕು. ಪ್ರೆಸ್ಸು ಕೆಟ್ಟರೆ ರಿಪೇರಿಯವನು ಪುಣೆಯಿಂದ ಬರಬೇಕು, ಬರುವವರೆಗೆ ನಾವು ಬಾಯಿ ಮುಚ್ಚಿಕೊಂಡು ಕೂರಬೇಕು. ದೊಡ್ಡ ಪಟ್ಟಣದ ಆರ್ಕಿಟೆಕ್ಟರಿಗೆ ಹಡಗಿನಲ್ಲಿ ಬಂದ ಪೈನ್ ಮರದ ಮೇಲೆ ಕಣ್ಣು. ನಮ್ಮ ಊರವರಿಗೋ ಕಬ್ಬಿಣ ಮತ್ತು ಸಿಮೆಂಟು ಬಿಟ್ಟರೆ ಮಿಕ್ಕಿದ್ದೆಲ್ಲ ಆಟಿಕೆ. ಜಿಲ್ಲೆಯಾಗಿ ಎಷ್ಟೋ ವರ್ಷವಾದರೂ ಇನ್ನೂ ಹೊಸ ಜಿಲ್ಲೆ ಎನಿಸಿಕೊಳ್ಳುವ ಈ ನೆಲದಲ್ಲಿ ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸವೇ ಬೆಳ್ಳಟ್ಟಿ ಶಾಲೆಯ ಊಟದ ಮನೆ. ಬೇಸಿಗೆ ರಜೆ ಮುಗಿದರೆ ಆ ತೊಲೆಗಳ ಕೆಳಗೆ ಮಕ್ಕಳು ಸಾಲಾಗಿ ಊಟಕ್ಕೆ ಕೂರಬೇಕಿತ್ತು.

ಮರುದಿನ ಪ್ರೆಸ್ ಮಿಸ್ತ್ರಿಯನ್ನು ಕರೆದುಕೊಂಡು ಹೊರಟೆ. ಅವರು ಮುಂಡರಗಿಯ ಮುಸ್ಲಿಂ ಬಡಗಿ ಮನೆತನದವರು. ಎಲ್ಲರಿಗೂ ಚಾಚಾ, ನನಗೂ ಚಾಚಾ. ಶಿರಹಟ್ಟಿ ದಾಟುವಷ್ಟರಲ್ಲಿ ಬಿಸಿಲು ಕಾರಿನ ಗಾಜಿಗೆ ಹೊಡೆಯುತ್ತಿತ್ತು. ಬೆಳ್ಳಟ್ಟಿ ಮುಟ್ಟಿದಾಗ ಶಾಲೆ ಖಾಲಿ. ಹೆಡ್ ಮಾಸ್ತರರು ಊಟದ ಮನೆಯ ಬಾಗಿಲು ತೆರೆದು, ತಾವು ಹೊರಗೇ ನಿಂತು, ನಮ್ಮನ್ನು ಒಳಗೆ ಬಿಟ್ಟರು. ಅಡಿಗೆಯಾಕೆ ಇನ್ನೂ ದೂರ, ನೀರಿನ ಟಾಕಿಯ ಹತ್ತಿರ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಒಳಗೆ ತಂಪಿತ್ತು. ಹೊಸ ಮರದ ವಾಸನೆ. ತಲೆಯ ಮೇಲೆ ಸಾಲಾಗಿ ತೊಲೆಗಳು, ನನ್ನ ಕಣ್ಣಿಗೆ ಬಲು ಚೆಂದ ಕಂಡವು. ನಾನು ಚಾಚಾನ ಕಡೆ ನೋಡಿ ನಕ್ಕೆ. ಅವರು ನಗಲಿಲ್ಲ.

ಬಹಳ ಹೊತ್ತು ಏನೂ ಇಲ್ಲ. ಹೊರಗಿನ ಗಾಳಿ ನಿಂತಾಗ ಕೇಳಿಸಿತು. ಟಕ್. ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ, ಒಂದೇ ಸಲ. ಸ್ವಲ್ಪ ಹೊತ್ತಿಗೆ ಆಚೆಯ ಇನ್ನೊಂದು ತೊಲೆಯಿಂದ ಮತ್ತೊಂದು ಟಕ್. ಮೊದಲಿನದಕ್ಕೆ ಉತ್ತರ ಕೊಟ್ಟಂತಿತ್ತು. ತಗಡಿನ ಸಪ್ಪಳ ಚಟಪಟ ಅನ್ನುತ್ತದೆ, ಹರಡುತ್ತದೆ. ಇದು ಹರಡಲಿಲ್ಲ. ಮಾಸ್ತರರ ಮಾತು ನಿಜವಾಗಿತ್ತು, ಸಪ್ಪಳ ಮರದ ಒಳಗಿನದು.

ಏಣಿ ಹಾಕಿಸಿ ಹತ್ತಿ ತೊಲೆಗೆ ಕೆನ್ನೆ ಹಚ್ಚಿದೆ. ಕಾಯುತ್ತ ಕಾಯುತ್ತ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳತೊಡಗಿತು. ಆಮೇಲೆ ಟಕ್ ಎಂದಿತು, ನೇರ ಕೆನ್ನೆಯ ಎಲುಬಿಗೆ. ಸರಸರ ಇಳಿದೆ. ಹೆದರಿದ್ದೆ, ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಚಾಚಾ ಮರದ ಸುತ್ತಿಗೆ ಹಿಡಿದು ತೊಲೆಯನ್ನು ತುದಿಯಿಂದ ತುದಿಗೆ ತಟ್ಟುತ್ತ ಬಂದರು. ಗಟ್ಟಿ ಅಂಟಿದ ಮರ ಖಣ್ ಎನ್ನುತ್ತದೆ. ಒಂದು ತುದಿಯಲ್ಲಿ, ಗೋಡೆಯಿಂದ ಒಂದು ಮೊಳ ಈಚೆಗೆ, ದನಿ ಒಮ್ಮೆಲೇ ಬಿತ್ತು. ದಬ್. ಮುಂದೆ ಸರಿದರೆ ಮತ್ತೆ ಖಣ್. ಪಕ್ಕದ ತೊಲೆಯಲ್ಲೂ ಅದೇ ಜಾಗದಲ್ಲಿ ದಬ್. ಅದರ ಪಕ್ಕದ್ದರಲ್ಲೂ ಹಾಗೇ. ಎಲ್ಲ ತೊಲೆಗಳಲ್ಲೂ ನಮ್ಮ ಕಾರ್ಖಾನೆಯ ಮೊಹರು ಇರುವ ತುದಿಯಲ್ಲೇ, ಗೋಡೆಯಿಂದ ಅಷ್ಟೇ ದೂರದಲ್ಲಿ, ಒಂದು ಪೊಳ್ಳು.

"ಹುಳಾ ಹಿಡದ್ರ ಹಿಂಗ ಅಳತಿ ಇಟಗೊಂಡು ಹಿಡಿಯಂಗಿಲ್ರಿ" ಎಂದರು ಚಾಚಾ. "ಯಾರೋ ತಿಳದು ಮಾಡಿದ್ದು ಐತಿ ಇದು. ಇಲ್ಲಾಂದ್ರ ಮನಷ್ಯಾರು ಮಾಡಿದ್ದಲ್ಲ."

"ಚಾಚಾ, ನೀವರ ಸುಮ್ಮನಿರ್ರಿ" ಎಂದೆ.

ಹಿಂದಿರುಗಿದವಳೇ ಪರೀಕ್ಷೆಯ ತುಂಡುಗಳನ್ನು ಹೊರತೆಗೆದೆ. ಪ್ರೆಸ್ಸಿನಿಂದ ಬಂದ ಪ್ರತಿ ತೊಲೆಯ ತುದಿಯನ್ನು ಗೇಣಗಲ ಕತ್ತರಿಸಿ ಒಂದು ಹೋಳು ಇಟ್ಟಿರುತ್ತೇವೆ. ಅದನ್ನು ನೀರಿನಲ್ಲಿ ಮುಳುಗಿಸಿ, ಗಾಳಿ ಎಳೆದು, ನೀರು ಕುಡಿಸಿ, ಮತ್ತೆ ಬಿಸಿಗಾಳಿಯಲ್ಲಿ ಒಣಗಿಸುತ್ತೇವೆ. ಅಂಟು ಸರಿಯಾಗಿ ಕಚ್ಚಿರದಿದ್ದರೆ ಪದರಗಳ ನಡುವೆ ಬಾಯಿ ಬಿಡುತ್ತದೆ. ಬೆಳ್ಳಟ್ಟಿಯ ತುಂಡುಗಳಿಗೆ ಇದನ್ನು ಆಗಲೇ ಮಾಡಿ ಪಾಸು ಮಾಡಿದ್ದೆ. ಈಗ ಮತ್ತೆ ಮಾಡಿದೆ. ಒಂದು ಕೂದಲೆಳೆಯಷ್ಟೂ ಬಾಯಿ ಬಿಡಲಿಲ್ಲ. ಹಲಗೆಯ ತೇವ ಸರಿ ಇತ್ತು, ಅಂಟಿನ ಡಬ್ಬಿಗಳು ಹಳತಾಗಿರಲಿಲ್ಲ, ಪ್ರೆಸ್ಸಿನ ಒತ್ತಡದ ಮುಳ್ಳು ತನ್ನ ಜಾಗದಲ್ಲೇ ನಿಂತಿತ್ತು. ಎಲ್ಲ ಸರಿಯಾಗಿದ್ದು ತೊಲೆ ಮಾತ್ರ ಒಳಗಿನಿಂದ ಬಡಿಯುತ್ತದೆ ಅಂದರೆ ನನ್ನ ಓದಿಗೆ ಏನು ಅರ್ಥ ಉಳಿಯಿತು ಎಂದು ತಲೆ ಕೆಟ್ಟುಹೋಯಿತು.

ಮಾಲೀಕರಿಗೆ ಹೇಳಿದೆ. ಅವರು ಬೆಟಗೇರಿಯವರು, ಸಾ ಮಿಲ್ಲಿನಿಂದ ಮೇಲೆ ಬಂದವರು, ಕೆಟ್ಟವರಲ್ಲ. ಕೇಳಿ ತಾವೇ ಒಂದು ದಾರಿ ಹುಡುಕಿದರು.

"ಆ ಜಾಗಾಕ್ಕ ಉದ್ದನ ಸ್ಕ್ರೂ ಹಾಕಿ ಬಿಗಿ ಮಾಡೂಣೇನ್ರಿ?"

"ಮಾಡಬಹುದು. ಆದ್ರ ಒಳಗ ಏನಾಗೇತಿ ಅಂತ ಗೊತ್ತಿಲ್ಲದ ಸ್ಕ್ರೂ ಹೊಡಿಯೂದು, ರೋಗ ಗೊತ್ತಿಲ್ಲದ ಇಂಜೆಕ್ಷನ್ ಕೊಟ್ಟಂಗ ಆಗತೈತ್ರಿ."

"ಒಂದು ತೊಲಿ ಇಳಿಸಿದ್ರ ಸುದ್ದಿ ಊರ ತುಂಬ ಆಗತೈತಿ. ಅಂಟಿಸಿದ ಮನಿ ಬಿಚ್ಚಿತಂತ ಅಂತಾರ. ಆಮ್ಯಾಲ ನಮ್ಮ ತೊಲಿ ಯಾರು ಮುಟ್ಟತಾರ ಹೇಳ್ರಿ?"

ಅದೂ ಸುಳ್ಳಾಗಿರಲಿಲ್ಲ. ಎಲ್ಲೋ ಒಂದೊಂದು ಕಾರ್ಖಾನೆ ಇರುವ ಉದ್ಯಮದಲ್ಲಿ ಒಂದು ಕಟ್ಟಡದ ಹೆಸರು ಕೆಟ್ಟರೆ ಎಲ್ಲರಿಗೂ ಮಸಿ. ಆದರೆ ಆ ಪೊಳ್ಳು ಇದ್ದ ಜಾಗ ನನ್ನ ನಿದ್ದೆ ಕೆಡಿಸಿತ್ತು. ಭಾರ ಬಿದ್ದು ತೊಲೆ ಬಾಗುವಾಗ ಅದರ ಪದರಗಳು ಒಂದರ ಮೇಲೊಂದು ಜಾರಲು ನೋಡುತ್ತವೆ. ಆ ಜಾರುವ ಒತ್ತಡ ಹೆಚ್ಚಿಗೆ ಇರುವುದು ಗೋಡೆಯ ಹತ್ತಿರ, ಅದರಲ್ಲೂ ನಡುವಿನ ಪದರದಲ್ಲಿ. ಅಂಟು ಬಿಡಬಾರದ ಜಾಗವನ್ನೇ ಹುಡುಕಿ ಬಿಡಿಸಿದಂತಿತ್ತು. ಈಗ ಸಪ್ಪಳ ಮಾಡುತ್ತಿದ್ದದ್ದು ಸುತ್ತಲಿನ ಒಳ್ಳೆಯ ಅಂಟು. ಒಣಗಾಳಿಗೆ ಹಲಗೆ ಸೆಟೆದಾಗೆಲ್ಲ ಅದು ಒಂದಿಷ್ಟು ಹರಿಯುತ್ತಿತ್ತು. ಎಷ್ಟು ಹರಿದಿದೆ, ಎಷ್ಟು ಉಳಿದಿದೆ, ಯಾರೂ ಹೇಳುವಂತಿರಲಿಲ್ಲ.

"ನಿಮ್ಮ ಮೊಮ್ಮಗಳನ್ನ ಆ ತೊಲಿ ಕೆಳಗ ಊಟಕ್ಕ ಕುಂಡ್ರಸ್ತೀರೇನ್ರಿ? ಕುಂಡ್ರಸ್ತೀನಿ ಅಂದ್ರ ನಾನು ಸ್ಕ್ರೂ ಹೊಡಸ್ತೀನಿ" ಎಂದುಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಚಶ್ಮಾ ತೆಗೆದು ಒರೆಸಿಕೊಂಡು, "ಇಳಸ್ರಿ" ಎಂದರು.

ಎಲ್ಲ ತೊಲೆಗಳ ಕೆಳಗೂ ಕಬ್ಬಿಣದ ಕಂಬ ಕೊಟ್ಟು, ಹೆಚ್ಚು ಸಪ್ಪಳ ಮಾಡುತ್ತಿದ್ದ ಒಂದನ್ನು ಇಳಿಸಿ ಲಾರಿಯಲ್ಲಿ ತಂದೆವು. ಲಾರಿಯವನು ದಾರಿಯಲ್ಲಿ ಅದು ಮತ್ತೆ ಬಡಿಯಿತು ಎಂದು ಆಣೆ ಮಾಡಿ ಹೇಳಿದ. ಪೊಳ್ಳು ಇದ್ದ ಭಾಗವನ್ನು ಅಡ್ಡ ಕೊಯ್ದು ಮೇಜಿನ ಮೇಲಿಟ್ಟೆವು. ನಡುವಿನ ಅಂಟಿನ ಗೆರೆಗೆ ಚಾಚಾ ಬೆಣೆ ಹೊಡೆಯುತ್ತ ಹೋದರು. ಅಂಚು ಸುಲಭಕ್ಕೆ ಬಿಡಲಿಲ್ಲ, ನಾರು ಕಿತ್ತುಕೊಂಡು ಕಿರುಚುತ್ತ ಬಿಟ್ಟಿತು. ಅದು ಒಳ್ಳೆಯ ಲಕ್ಷಣ. ಅಂಟು ಗಟ್ಟಿ ಇದ್ದಲ್ಲಿ ಮರವೇ ಹರಿಯಬೇಕು. ಆಮೇಲೆ ಬೆಣೆ ಒಮ್ಮೆಲೇ ಒಳಗೆ ಜಾರಿತು. ಮೇಲಿನ ಅರ್ಧವನ್ನು ಇಬ್ಬರು ಎತ್ತಿ ಮಗುಚಿದರು.

ಒಳಗೆ ಒಂದು ಕೈ ಇತ್ತು.

ಸುತ್ತ ಹರಿದ ನಾರು ರೋಮದಂತೆ ಎದ್ದು ನಿಂತಿತ್ತು. ನಡುವೆ ಅಂಟು ಕನ್ನಡಿಯಂತೆ ನುಣ್ಣಗೆ ಹೊಳೆಯುತ್ತಿತ್ತು. ಆ ಹೊಳಪಿನ ಆಕಾರವೇ ಒಂದು ಅಂಗೈ, ಐದು ಬೆರಳು. ಹೆಬ್ಬೆರಳು ಸ್ವಲ್ಪ ಓರೆ. ಅಂಗೈಯ ಗೆರೆಗಳು ಕೂಡ ಅಂಟಿನಲ್ಲಿ ಮೂಡಿದ್ದವು. ಯಾರೋ ಒಳಗೆ ಸಿಕ್ಕಿಕೊಂಡು ಹೊರಗೆ ಬರಲು ಹಲಗೆಯನ್ನು ಒತ್ತಿದ ಹಾಗೆ ಕಂಡಿತು. ನಾನು ದೆವ್ವ ನಂಬುವವಳಲ್ಲ. ಆದರೂ ಆ ಗಳಿಗೆಯಲ್ಲಿ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಚಾಚಾ ಟೊಪ್ಪಿಗೆ ಸರಿ ಮಾಡಿಕೊಂಡರು. "ಅಲಾಯಿ ಹಬ್ಬದಾಗ ಕೈ ಆಕಾರದ ಪಂಜಾ ಕುಂಡ್ರಸ್ತೀವಲ್ರಿ, ಹಂಗಾ ಐತಿ. ಯಾರ್ದೋ ಏನೋ. ಮುಟ್ಟಬ್ಯಾಡ್ರಿ."

ನಾನು ಮುಟ್ಟಿದೆ. ಅದರ ಮೇಲೆ ನನ್ನ ಕೈ ಇಟ್ಟೆ. ಹೆಚ್ಚುಕಮ್ಮಿ ನನ್ನದೇ ಅಳತೆ. ಹೆಣ್ಣುಮಗಳ ಕೈ ಎಂದು ಗೊತ್ತಾದ ಕೂಡಲೇ ಕೈ ಹಿಂದಕ್ಕೆಳೆದುಕೊಂಡೆ. ಮೂಸಿ ನೋಡಿದೆ. ಬಹಳ ಸಣ್ಣಗೆ, ದೇವರ ಕೋಣೆಯ ವಾಸನೆ.

ತೊಲೆಯೊಳಗೆ ಕೈ ಕಂಡ ಸುದ್ದಿ ಶೆಡ್ಡಿನ ತುಂಬ ಹಬ್ಬಿತು, ಅಲ್ಲೇ ಅಂಟು ಬಿಟ್ಟಿದೆ ಎಂಬುದನ್ನು ಮಾತ್ರ ನಾವು ಯಾರಿಗೂ ಹೇಳಲಿಲ್ಲ. ಅವತ್ತು ಊಟಕ್ಕೆ ಕೂತವರೆಲ್ಲ ತುತ್ತು ಕಲಸುವ ಮೊದಲು ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಇಬ್ಬರು ಮರುದಿನ ಕೆಲಸಕ್ಕೆ ಬರಲಿಲ್ಲ. ಒಣಗಿಸುವ ಕೋಣೆಯವನು ತನ್ನ ಹಲಗೆಗಳ ಅಟ್ಟಿಯಲ್ಲೂ ಬಡಿಯುವ ಸಪ್ಪಳ ಕೇಳಿತು ಎಂದ. ನಾನು ಹೋಗಿ ಕಿವಿಗೊಟ್ಟೆ, ಏನೂ ಇರಲಿಲ್ಲ, ಆದರೂ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದೆ.

ದೇವರ ಕೋಣೆಯ ವಾಸನೆ ಎಂದರೆ ದೀಪದ ಎಣ್ಣೆ. ಎಣ್ಣೆ ಬಿದ್ದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಅದಕ್ಕೇ ಅಂಟಿನ ಕೋಣೆಗೆ ಎಣ್ಣೆ, ಕುಂಕುಮ, ಊದಿನಕಡ್ಡಿ ಯಾವುದೂ ಹೋಗುವಂತಿಲ್ಲ. ಅಮಾವಾಸ್ಯೆಯ ಪೂಜೆ ಏನಿದ್ದರೂ ಹೊರಗಿನ ಯಂತ್ರಗಳಿಗೆ. ಅಂಟಿನ ಕೋಣೆಯಲ್ಲಿ ಹಲಗೆ ಜೋಡಿಸುವ ತಂಡಕ್ಕೆ ಹಿರಿಯಳು ಹಿರೇಹಂದಿಗೋಳದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಎಲ್ಲರೂ ಅಂಟಿನಕ್ಕ ಎನ್ನುತ್ತಿದ್ದರು. ಹಲಗೆಯ ಮೇಲೆ ಧೂಳು ಕಂಡರೆ ಜಗಳಕ್ಕೇ ನಿಲ್ಲುವಷ್ಟು ಶುಚಿ. ಅವಳ ಮೇಲೆ ನನಗೆ ಸಂಶಯ ಬರಲಿಲ್ಲ. ಆದರೂ ಎಲ್ಲರನ್ನೂ ನೋಡಬೇಕು ಎಂದು ಬಾಗಿಲಿನ ಗಾಜಿನ ಹಿಂದೆ ನಿಂತೆ.

ಬಿಸಿಲೇರಿದರೆ ಅಂಟು ಬೇಗ ಕಟ್ಟುತ್ತದೆ, ಆದ್ದರಿಂದ ಆ ಕೆಲಸ ಮುಂಜಾನೆಯೇ ಶುರು. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡ ಮಂದಿ ಮಾತಿಲ್ಲದೆ ಓಡಾಡುತ್ತಿದ್ದರು. ಹಲಗೆ ಯಂತ್ರದ ಕೆಳಗೆ ಹಾದು, ಮೈ ಮೇಲೆ ಅಂಟಿನ ಗೆರೆ ಎಳೆಸಿಕೊಂಡು ಬರುತ್ತದೆ. ಅದರ ಮೇಲೆ ಇನ್ನೊಂದು ಹಲಗೆ ಮಲಗಿಸಬೇಕು. ನಡುವಿನ ಹಲಗೆಯ ಸರದಿ ಬಂತು. ಅಂಟಿನಕ್ಕ ಬಲಗೈಯ ಗವಸು ಕಳಚಿದಳು. ಸೆರಗಿನ ತುದಿಯ ಎಣ್ಣೆ ತೊಯ್ದ ಗಂಟನ್ನು ಅಂಗೈಯಲ್ಲಿ ಹಿಂಡಿದಳು. ಮಲಗಿಸಬೇಕಾದ ಹಲಗೆಯ ಅಡಿಗೆ, ತುದಿಯಿಂದ ಸ್ವಲ್ಪ ಒಳಗೆ, ಕೈ ಒತ್ತಿ ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಮತ್ತೆ ಗವಸು ಹಾಕಿಕೊಂಡು ಹಲಗೆ ಮಲಗಿಸಿದಳು. ಪಕ್ಕದವರು ನೋಡಿದರೂ ಅವರಿಗೆ ಅವಳು ಹಲಗೆ ಹಿಡಿದದ್ದಷ್ಟೇ ಕಾಣುತ್ತಿತ್ತು.

ನಾನು ಬಾಗಿಲು ತಳ್ಳಿ "ನಿಲ್ಲಸ್ರಿ" ಎಂದು ಕೂಗಿದೆ.

ಮಾಲೀಕರು ಅವಳನ್ನು ಅವತ್ತೇ ಮನೆಗೆ ಕಳಿಸಬೇಕು ಎಂದರು. ನಾನು ಬೇಡ ಎಂದೆ, ಕಾರಣ ಕೇಳಿದರೆ ಸರಿಯಾಗಿ ಹೇಳಲು ಬರಲಿಲ್ಲ. ಅವಳನ್ನು ರಂಧಾ ಹೊಡೆದು ಹಲಗೆ ನುಣುಪು ಮಾಡುವ ಕಡೆಗೆ ಹಾಕಿದೆವು. ಬೆಳ್ಳಟ್ಟಿಯ ತೊಲೆಗಳನ್ನೆಲ್ಲ ಇಳಿಸಿ ಹೊಸದಾಗಿ ಮಾಡಿಕೊಟ್ಟೆವು. ಅಲ್ಲಿಯವರೆಗೆ ಮಕ್ಕಳು ಶಾಲೆಯ ಪಡಸಾಲೆಯಲ್ಲಿ ಉಂಡರು. ತುದಿಯ ಹೋಳು ಮಾತ್ರ ನೋಡುವ ಪರೀಕ್ಷೆಯನ್ನೂ ಬದಲಿಸಿದೆ, ಈಗ ಒಂದೊಂದು ತೊಲೆಯನ್ನೂ ಉದ್ದಕ್ಕೆ ತಟ್ಟಿ ಕೇಳುತ್ತೇವೆ. ಊರಿನಲ್ಲಿ ಮಾಲೀಕರು ಹೆದರಿದಷ್ಟು ಹೆಸರು ಕೆಡಲಿಲ್ಲ. ಕೆಲವರಂತೂ, ತಾವೇ ಇಳಿಸಿಕೊಂಡು ಹೋದರಲ್ಲ, ಪರವಾಗಿಲ್ಲ ಎಂದರಂತೆ.

ಆದರೆ ಈ ಕೆಲಸದಲ್ಲಿ ನನಗೆ ಕಷ್ಟವಾದದ್ದು ತೊಲೆ ಇಳಿಸುವುದಲ್ಲ. ಅವಳನ್ನು ಹಿಡಿದ ದಿನ, ಊಟದ ಹೊತ್ತಿನಲ್ಲಿ, ಒಡೆದ ತೊಲೆಯ ಹತ್ತಿರ ಅವಳನ್ನು ಕರೆದು ನಿಲ್ಲಿಸಿದ್ದೆ. ಬೇರೆ ಯಾರೂ ಇರಲಿಲ್ಲ. ಅವಳು ತನ್ನ ಕೈಯ ಗುರುತನ್ನು ನೋಡಿದಳು. ಅಂಜಲಿಲ್ಲ. ಕೈ ತಗೊಂಡು ಹೋಗಿ ಅದರ ಮೇಲಿಟ್ಟಳು. ಬೆರಳಿಗೆ ಬೆರಳು ಕೂತಿತು.

"ಯಾಕ ಮಾಡಿದಿ ಯಕ್ಕಾ? ಎಣ್ಣಿ ಮುಟ್ಟಸಬಾರದು ಅಂತ ಎಲ್ಲಾರಿಗಿಂತ ನಿನಗ ಹೆಚ್ಚು ಗೊತ್ತಲ್ಲ."

"ಒಂದ ಅಂಗೈ ಜಾಗಾರಿ. ಇಷ್ಟುದ್ದ ತೊಲಿಗೆ ಅದೇನ್ ಲೆಕ್ಕ ಅಂದಕೊಂಡಿದ್ದೆ. ಮಂದಿ ತಲಿ ಮ್ಯಾಲ ತೊಲಿ ಏರಸೂಮುಂದ ಮನಿ ಹೆಣ್ಣಮಗಳು ದೀಪದೆಣ್ಣಿ ಹಚ್ಚಿ ಕೈ ಇಡಬೇಕರಿ. ನಮ್ಮ ಕಡೆ ಹಂಗ. ಇಲ್ಲಿ ಯಾರು ಇಡ್ತಾರ? ಮ್ಯಾಲ ಇಟ್ರ ರಂಧಾ ಹೊಡದು ತಗೀತೀರಿ. ತುದಿಗೆ ಇಟ್ರ ಕೊಯ್ದು ಒಗೀತೀರಿ. ಅದಕ್ಕ ಒಳಗ ಇಟ್ಟೆ."

ಈಗ ನಾನು ಅವಳಿಗೆ ಹೇಳಬೇಕಿತ್ತು. ಎಲ್ಲೋ ಅಂಟು ಕೆಟ್ಟಿತ್ತು ಎಂದು ಹಾರಿಸಿಬಿಡಬಹುದಿತ್ತು. ಆದರೆ ಮಾಲೀಕರೋ ಇನ್ನೊಬ್ಬರೋ ಸಿಟ್ಟಿನಲ್ಲಿ ಹೇಳುವ ಮೊದಲು ನಾನೇ ಹೇಳುವುದು ಮೇಲು ಅನ್ನಿಸಿತು. "ನೀ ಕೈ ಇಟ್ಟಲ್ಲೇ ತೊಲಿ ಬಿಚ್ಚಾಕತ್ತಿತ್ತು, ಯಕ್ಕಾ. ಶಾಲಿ ಶುರುವಾಗಿದ್ರ ಕೂಸುಗಳ ಮ್ಯಾಲ ಬೀಳತಿತ್ತೋ ಏನೋ. ನಿನ್ನ ಕೈಯಿಂದ ಅದು ಗಟ್ಟಿ ಆಗಲಿಲ್ಲ."

ಅವಳು ಅಲುಗಾಡಲಿಲ್ಲ. ಕೈ ಹಾಗೆಯೇ ಗುರುತಿನ ಮೇಲಿತ್ತು. ಕುಸಿದು ಕೂತಾಳು ಎಂದು ನಾನು ಹತ್ತಿರ ಸರಿದೆ.

"ನನ್ನ ಮದಿವಿ ಆದ ವರ್ಷ ಹೊಸಾ ಮಾಳಗಿ ಹಾಕಿದ್ರರಿ ನಮ್ಮ ಮನಿಗೆ" ಎಂದಳು. "ತೊಲಿ ಏರಸೂ ದಿನಾ ನಾ ಹೊರಗಾಗಿದ್ದೆ. ಮುಟ್ಟೂವಂಗ ಇರಲಿಲ್ಲ, ಅಂಗಳದಾಗ ನಿಂತಿದ್ದೆ. ಕೈ ಇಡದ ಏರಿತು. ಮುಂದ ಮಗಳು ಹುಟ್ಟಿದ ಮಳಿಗಾಲದಾಗ ಆ ತೊಲಿ ತೊಟ್ಟಲಾ ಮ್ಯಾಲ ಬಿತ್ತು. ನಮ್ಮತ್ತಿ ಸಾಯೂತನಕ ಅದ ಅಂದ್ಲರಿ, ನೀ ಕೈ ಇಟ್ಟಿದ್ರ ನಿಲ್ತಿತ್ತು ಅಂತ. ಊಟಕ್ಕ ಕುಂತಾಗ ಅಂತಿದ್ಲು. ಯಾರರ ಮನಿಗೆ ಬಂದಾಗ ಅಂತಿದ್ಲು."

 ನನಗೆ ಬರುವುದನ್ನೇ, ಮರದ ಮಾತನ್ನೇ, ಕೇಳಿದೆ. "ಆ ತೊಲಿ ಮುರದಿದ್ದು ನೀ ನೋಡಿದ್ದೇನು? ಒಳಗ ಹೆಂಗಿತ್ತು?"

"ಮಣ್ಣಾಗಿತ್ರಿ. ಗೆದ್ದಲಾ ಪೂರಾ ತಿಂದಿತ್ತು. ಮ್ಯಾಲ ಮಾತ್ರ ಕಟಗಿ ಉಳದಿತ್ತು."

ಹೊರಗೆ ಗಾಳಿಗೆ ಶೆಡ್ಡಿನ ಬಾಗಿಲು ಒಮ್ಮೆ ಬಡಿದುಕೊಂಡಿತು. ಇಬ್ಬರೂ ಬೆಚ್ಚಿದೆವು. ಅವಳು ಗುರುತಿನ ಮೇಲಿಂದ ಕೈ ತೆಗೆದು, ಸೀರೆಗೆ ಒರೆಸಿ, ನನ್ನ ಮುಖವನ್ನು ದಿಟ್ಟಿಸಿ ನೋಡಿದಳು.

"ನಾ ಕೈ ಇಟ್ರ ತೊಲಿ ಗಟ್ಟಿ ಆಗಂಗಿಲ್ಲ ಅಂದ್ರೆಲ್ಲ ಮೇಡಂ. ಹಂಗಾರ ಅವತ್ತ ನಾ ಇಟ್ಟಿದ್ರೂ ಅದು ಬೀಳತಿತ್ತು, ಹೌದಲ್ರಿ?"

"ಹೌದು. ಬೀಳತಿತ್ತು."

"ನಾ ಇಡದಿದ್ದದ್ದು ಕಾರಣ ಅಲ್ಲ?"

"ಅಲ್ಲ, ಯಕ್ಕಾ."

ಅವಳು ಅಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡಳು. ಎಣ್ಣೆಯ ಜಿಡ್ಡು ಇನ್ನೂ ಆ ಕೈಯಲ್ಲಿತ್ತು.

"ಇನ್ನೊಮ್ಮೆ ಅನ್ರಿ" ಎಂದಳು.

ಇನ್ನೊಮ್ಮೆ ಅಂದೆ.